ಮೂರನೇ ಬಾಗಿಲು

ನಮ್ಮಪ್ಪನಿಗೆ ವಂಶ ಅನ್ನುವುದು ಬಂದದ್ದು ಟಿಪ್ಪರ್ ಬಂದ ಮೇಲೆ. ಅದಕ್ಕೂ ಮೊದಲು ಅವನು ಹೊಸಪೇಟೆಯ ಬಜಾರಿನಲ್ಲಿ ಅಕ್ಕಿ, ಜೋಳ, ಬೆಲ್ಲ ಮಾರುವ ಒಬ್ಬ ಸಾಧಾರಣ ಅಂಗಡಿಕಾರ. ಗಿರಾಕಿ ಬಂದರೆ ಎದ್ದು ನಿಲ್ಲುತ್ತಿದ್ದ, ಚಿಲ್ಲರೆ ಇಲ್ಲದಿದ್ದರೆ ಬೆಲ್ಲದ ಚೂರು ಕೊಟ್ಟು ಕೈಮುಗಿಯುತ್ತಿದ್ದ. ಆಮೇಲೆ ಸಂಡೂರಿನ ಗುಡ್ಡಗಳಿಂದ ಅದಿರು ಹೊರಡತೊಡಗಿತು. ಊರಿನ ಕಂಡಕಂಡವರೆಲ್ಲ ಲಾರಿ ಇಟ್ಟರು. ಅಪ್ಪ ಮತ್ತು ಅವನ ತಮ್ಮ ಶೇಖರ ಕಾಕಾ ಸೇರಿ ಟಿಪ್ಪರ್ ಇಟ್ಟರು. ಮುಂದಿನ ದೀಪಾವಳಿಯ ಹೊತ್ತಿಗೆ ಅಪ್ಪನ ಮೀಸೆಯ ತುದಿ ಮೇಲಕ್ಕೆ ತಿರುಗಿತ್ತು, ಬೆರಳುಗಳಿಗೆ ಉಂಗುರ ಏರಿದ್ದವು, ನಾವು ದುರ್ಗದ ಕಿಲ್ಲೇದಾರರ, ಅಂದರೆ ಕೋಟೆ ಕಾಯ್ದ ಸರದಾರರ, ವಂಶದವರಾಗಿದ್ದೆವು. ಆ ವಂಶಾವಳಿಯನ್ನು ಅಪ್ಪ ಬಂದವರಿಗೆಲ್ಲ ಒಪ್ಪಿಸುತ್ತಿದ್ದ. ಪ್ರತಿ ಸಲವೂ ಅದರಲ್ಲಿ ಒಬ್ಬ ಹಿರಿಯ ಹೆಚ್ಚಾಗುತ್ತಿದ್ದ. ಅದನ್ನು ಇಲ್ಲಿ ಬರೆದು ಕಾಗದ ಹಾಳುಮಾಡುವ ಇಷ್ಟ ನನಗಿಲ್ಲ. ಪಡಸಾಲೆಯ ಗೋಡೆಗೆ ಒಂದು ಕತ್ತಿ ಬಂತು. ಅದನ್ನು ಹಂಪಿಯ ಬಜಾರಿನಲ್ಲಿ, ಪರದೇಶದವರಿಗೆ ಮಣಿಸರ ಮಾರುವ ಅಂಗಡಿಯಲ್ಲಿ ಕೊಳ್ಳುವಾಗ ನಾನು ಅಪ್ಪನ ಪಕ್ಕದಲ್ಲೇ ನಿಂತು ಐಸ್‌ಕ್ಯಾಂಡಿ ತಿನ್ನುತ್ತಿದ್ದೆ. ಮಾರನೇ ದಿನ ಬೆಳಗಾಗುವಷ್ಟರಲ್ಲಿ ಆ ಕತ್ತಿಗೆ ಮುನ್ನೂರು ವರ್ಷ ವಯಸ್ಸಾಗಿತ್ತು.

ನಮ್ಮ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕೆ ಇತ್ತು. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕಡೆಗೆ ಹಿತ್ತಲು. ಗಂಡಸರು ಮುಂದಿನ ಬಾಗಿಲಿನಿಂದ ನಡುಮನೆಯ ತನಕ ಬರುತ್ತಿದ್ದರು, ಹೆಂಗಸರು ಹಿತ್ತಲಿನಿಂದ ನಡುಮನೆಯ ತನಕ ಹೋಗುತ್ತಿದ್ದೆವು. ನಡುಮನೆಯಲ್ಲಿ ಊಟ. ಅಪ್ಪ, ಕಾಕಾ ಗೋಡೆಗೆ ಒರಗಿ ಕೂತು ಉಣ್ಣುತ್ತ ಸಂಡೂರಿನ ಯಾವ ಧಣಿ ಯಾವ ಕಾರು ತಂದ ಅನ್ನುವುದನ್ನೇ ಮಾತಾಡುತ್ತಿದ್ದರು. ಗಣಿಯ ಒಡೆಯರನ್ನು ನಮ್ಮ ಕಡೆ ಧಣಿ ಎನ್ನುತ್ತಾರೆ. ಆ ಮಾತನ್ನು ಹೇಳುವಾಗ ಅಪ್ಪನ ದನಿ ಗುಡಿಯಲ್ಲಿ ಮಾತಾಡುವವರಂತೆ ತಗ್ಗುತ್ತಿತ್ತು. ಅದಿರಿನ ಲಾರಿಗಳು ಓಡಾಡುವ ರಸ್ತೆ ನಮ್ಮ ಓಣಿಗೆ ಕೂಗಳತೆಯಲ್ಲಿತ್ತು. ಬಿಳಿ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗುತ್ತಿತ್ತು, ಕುಡಿಯುವ ನೀರಿನ ಕೊಡದ ಮೇಲೆ ಬಟ್ಟೆ ಕಟ್ಟಿದರೂ ತಳದಲ್ಲಿ ಕೆಂಪು ಕೂರುತ್ತಿತ್ತು. ಅವ್ವ ಗೊಣಗಿದರೆ, ಅದು ಧೂಳಲ್ಲ, ಲಕ್ಷ್ಮಿ ಎಂದು ಅಪ್ಪ ಹೇಳುತ್ತಿದ್ದ. ಆ ಲಕ್ಷ್ಮಿಯನ್ನು ಅವ್ವ ಬೆಳಗ್ಗೆ ಸಂಜೆ ಮೊರದಲ್ಲಿ ತುಂಬಿ ಹಿತ್ತಲಿಗೆ ಸುರಿಯುತ್ತಿದ್ದಳು, ಗಂಡಸರು ಹೊರಗೆ ಹೋದಾಗ ಪಡಸಾಲೆಯ ಕತ್ತಿಯನ್ನೂ ಒರೆಸುತ್ತಿದ್ದಳು.

ಅವ್ವನ ತವರು ಕಂಪ್ಲಿ. ಅಲ್ಲಿ ಅವಳ ತಾಯಿ ಇದ್ದಳು, ಅಣ್ಣ ಇದ್ದ, ಬಾಳೆಯ ತೋಟವಿತ್ತು. ನನಗೆ ಅದೆಲ್ಲ ಅವ್ವನ ಬಾಯಿಂದ ಗೊತ್ತು. ನಾನು ಅಂಬೆಗಾಲಿಡುತ್ತಿದ್ದಾಗಲೇ ಆ ಮನೆಯ ದಾರಿ ಮುಚ್ಚಿಹೋಗಿತ್ತು. ಕಾರಣ ಕೇಳಿದರೆ ನಗಬೇಕೋ ಉಗಿಯಬೇಕೋ ತಿಳಿಯುವುದಿಲ್ಲ. ಕಂಪ್ಲಿಯ ಮಾವ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ, ಮೊದಲ ಪಂಕ್ತಿಯಲ್ಲಿ ಅಕ್ಕಿ ಗಿರಣಿಯ ಮಾಲೀಕರೆಲ್ಲ ಕೂತುಬಿಟ್ಟಿದ್ದರಂತೆ. ಅಪ್ಪನಿಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದರಂತೆ. ಆಗಿನ್ನೂ ಟಿಪ್ಪರ್ ಇರಲಿಲ್ಲ, ಆದರೂ ಅಳಿಯ ಅನ್ನುವ ಬಿಗುಮಾನವಿತ್ತು. ಹೋಳಿಗೆ ಬಡಿಸಿದ ಮೇಲೆ ಅಪ್ಪನಿಗೆ ಅವಮಾನ ನೆನಪಾಯಿತು. ಅರ್ಧ ಹೋಳಿಗೆ ತಿಂದು, ಎಲೆ ಬಿಟ್ಟು ಎದ್ದು, ಅವ್ವನನ್ನು ಕರೆದುಕೊಂಡು ಬಂದವನು ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಅವ್ವನೂ ಹೋಗಕೂಡದು. ಮೊದಮೊದಲು ಅವಳು ಕೇಳಿದಳಂತೆ, ಅತ್ತಳಂತೆ. ಆ ಹೊಸ್ತಿಲು ತುಳಿದರೆ ನನ್ನ ಹೆಣ ನೋಡುತ್ತೀ ಎಂದು ಅಪ್ಪ ಹೇಳಿದ ಮೇಲೆ ಬಾಯಿ ಕಟ್ಟಿತು. ಮಾವನೂ ಕಡಿಮೆಯವನಲ್ಲ. ಬೇಕಾದರೆ ಅವರೇ ಬರಲಿ ಎಂದು ಅವನು ಅಲ್ಲಿ ಕಂಪ್ಲಿಯಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಕೂತ. ಸಂತೆಯಲ್ಲಿ ಕಂಪ್ಲಿಯವರು ಯಾರಾದರೂ ಸಿಕ್ಕಿದರೆ ಅವ್ವ ತಾಯಿಯನ್ನು ಕೇಳುತ್ತಿದ್ದಳು. ಅರಾಮ ಅದಾಳಬೇ ಎಂದು ಅವರು ಹೇಳುತ್ತಿದ್ದರು. ಜನ ಯಾರ ಬಗ್ಗೆ ಕೇಳಿದರೂ ಹಾಗೆಯೇ ಹೇಳುತ್ತಾರೆ.

ವರ್ಷಕ್ಕೊಮ್ಮೆ ಶ್ರಾವಣದ ಕೊನೆಯ ಸೋಮವಾರ ನಾವು ದುರ್ಗಕ್ಕೆ ಹೋಗುವುದು ಮನೆತನದ ಪದ್ಧತಿ. ಹೊಸಪೇಟೆಯಿಂದ ಸಂಡೂರಿನ ದಿಕ್ಕಿಗೆ ಹೋದರೆ ಒಂದು ಕಲ್ಲುಗುಡ್ಡ, ಅದರ ತಲೆಯ ಮೇಲೆ ಯಾವ ಕಾಲದ್ದೋ ಕೋಟೆ, ತುದಿಯಲ್ಲಿ ಬಸವಣ್ಣ. ಬಸವಣ್ಣನಿಗೆ ಕಾಯಿ ಒಡೆಸಿ ಬರುವುದು, ಅಷ್ಟೇ. ಹಿಂದಿನ ದಿನದಿಂದಲೇ ಅವ್ವ ಮತ್ತು ಶೇಖರ ಕಾಕಾನ ಹೆಂಡತಿ ಕಾಕಿ ಒಲೆಯ ಮುಂದೆ ಕೂರುತ್ತಿದ್ದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮೊಸರನ್ನ, ಎಲ್ಲವನ್ನೂ ಬುತ್ತಿ ಕಟ್ಟಿ, ತಲೆಯ ಮೇಲೆ ಹೊತ್ತು ಹತ್ತುವವರು ಅವರೇ. ಕಿಲ್ಲೇದಾರರು ಮುಂದೆ ಕೈಬೀಸಿಕೊಂಡು ಏದುಸಿರು ಬಿಡುತ್ತ ಹೋಗುತ್ತಿದ್ದರು. ಕೋಟೆಗೆ ಮೂರು ಬಾಗಿಲು. ಮೊದಲನೆಯದು ಬಿದ್ದುಹೋಗಿ ಬರೀ ಕಂಬ ನಿಂತಿದೆ, ಎರಡನೆಯದರಲ್ಲಿ ಕುರಿ ಕಾಯುವವರು ಮಳೆ ಬಂದಾಗ ನಿಲ್ಲುತ್ತಾರೆ. ಮೂರನೆಯದು ಇನ್ನೂ ಗಟ್ಟಿ. ಅದನ್ನು ನಮ್ಮ ಮನೆಯ ಹೆಂಗಸರು ದಾಟಬಾರದು. ಯಾಕೆ ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬಸವಣ್ಣ ಬ್ರಹ್ಮಚಾರಿ ಎಂದು ಅಪ್ಪ, ಹಿಂದೆ ಯಾರೋ ಸೊಸೆ ದಾಟಿ ಕಣ್ಣು ಕಳಕೊಂಡಳು ಎಂದು ಕಾಕಾ. ಗಂಡಸರು ಒಳಗೆ ಹೋಗುತ್ತಿದ್ದರು, ಅವರ ಪಾಲಿನ ಬುತ್ತಿಯೂ ಒಳಗೆ ಹೋಗುತ್ತಿತ್ತು. ನಾವು ಬಾಗಿಲಿನ ಹೊರಗೆ ಬಂಡೆಯ ಮೇಲೆ ಕೂತಿರುತ್ತಿದ್ದೆವು. ಬಿಸಿಲು ಏರುತ್ತಿತ್ತು, ಇಳಿಯುತ್ತಿತ್ತು. ಒಂದು ತೆಂಗಿನಕಾಯಿ ಒಡೆಯುವುದಕ್ಕೆ ಅಷ್ಟು ಹೊತ್ತು ಯಾಕೆ ಬೇಕು ಎಂದು ನಾನು ಕೇಳಿದರೆ ಕಾಕಿ ನನ್ನ ತೊಡೆ ಚಿವುಟುತ್ತಿದ್ದಳು.

ಇಳಿದು ಬಂದಾಗ ಅವರ ಕಣ್ಣು ಕೆಂಪಾಗಿರುತ್ತಿತ್ತು. ಧ್ಯಾನಕ್ಕೆ ಕೂತಿದ್ದೆವು ಎನ್ನುತ್ತಿದ್ದರು. ಅವ್ವ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ. ದುರ್ಗದ ತುದಿಯಿಂದ ಕಂಪ್ಲಿ ಕಾಣುತ್ತದೆ ಎಂದು ಯಾವುದೋ ವರ್ಷ ಕಾಕಾ ಬಾಯಿ ಬಿಟ್ಟಿದ್ದ. ಅಂದಿನಿಂದ ಪ್ರತಿ ಶ್ರಾವಣವೂ ಅವನು ಬಾಗಿಲು ದಾಟಿ ಹೊರಬರುವುದನ್ನೇ ಕಾದಿದ್ದು, ಅವನ ಕೈಗೆ ನೀರಿನ ತಂಬಿಗೆ ಕೊಟ್ಟು, ಕಂಡಿತೇನು ಎಂದು ಕೇಳುತ್ತಿದ್ದಳು. ಅವನು ಬಾಯಿ ಒರೆಸಿಕೊಂಡು ಶುರುಮಾಡುತ್ತಿದ್ದ. ಹೊಳೆ ತುಂಬಿ ಹರಿಯುತ್ತಿದೆ, ತೋಟ ಹಸಿರಾಗಿದೆ, ನಿಮ್ಮ ಮನೆಗೆ ಸುಣ್ಣ ಬಳಿಸಿದ್ದಾರೆ. ಒಂದು ವರ್ಷ ಇನ್ನೂ ಹುರುಪಿನಲ್ಲಿದ್ದನೇನೋ, ಹೀಗಂದ:

"ಅತ್ತಿಗೀ, ನಿಮ್ಮವ್ವ ಮಾಳಿಗಿ ಮ್ಯಾಲೆ ಹಪ್ಪಳ ಒಣಗಾಕ್ತಿದ್ಳು ನೋಡ್ರಿ. ಭಾಳ ಗಟ್ಟಿ ಅದಾಳ ಮುದುಕಿ."

ಆ ವರ್ಷವೆಲ್ಲ ಅವ್ವ ಆ ಹಪ್ಪಳದ ಮೇಲೆಯೇ ಬದುಕಿದಳು. ರೊಟ್ಟಿ ಬಡಿಯುತ್ತ, ಈ ವಯಸ್ಸಿನಲ್ಲೂ ಮಾಳಿಗೆ ಹತ್ತುತ್ತಾಳಲ್ಲ, ಕಾಲು ಜಾರಿದರೆ ಏನು ಗತಿ ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಬೈಯುವ ಹಾಗೆ ಹೇಳುತ್ತಿದ್ದಳು, ಮುಖ ಮಾತ್ರ ಅರಳಿರುತ್ತಿತ್ತು. ಕೂಗಿದರೆ ಎಷ್ಟು ದೂರ ಕೇಳಿಸೀತು, ಕೆಂಪು ಸೀರೆ ಉಟ್ಟು ತುದಿಯಲ್ಲಿ ನಿಂತರೆ ನನ್ನವ್ವನಿಗೆ ನಾನು ಕಂಡೇನಾ ಎಂದೆಲ್ಲ ಲೆಕ್ಕ ಹಾಕುತ್ತಿದ್ದಳು. ಒಂದೇ ಒಂದು ಸಲ ಮೇಲೆ ನಿಂತು ತನ್ನ ತಾಯಿಯ ಮನೆಯನ್ನು ಕಣ್ಣಿಂದ ನೋಡಬೇಕು ಅನ್ನುವುದೇ ಅವಳ ಆಸೆ. ಅದಕ್ಕಿಂತ ದೊಡ್ಡದನ್ನು ಆಸೆಪಡುವುದನ್ನು ಅವಳಿಂದ ನಮ್ಮ ಮನೆ ಮರೆಸಿಬಿಟ್ಟಿತ್ತು.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಶ್ರಾವಣಕ್ಕೆ ಅಪ್ಪ ಒಬ್ಬ ಧಣಿಯನ್ನು ದುರ್ಗಕ್ಕೆ ಕರೆದ. ಆ ಮನುಷ್ಯನ ಗಣಿಗೆ ನಮ್ಮ ಟಿಪ್ಪರ್ ಓಡಿಸುವ ಕೆಲಸ ಸಿಗಬೇಕಿತ್ತು. ನಮ್ಮ ಹಿರಿಯರ ಕೋಟೆ ನೋಡಲು ಬರಬೇಕು ಎಂದು ಆಹ್ವಾನ. ಮನೆಯಲ್ಲಿ ವಾರದಿಂದ ಗದ್ದಲ. ಕಾಕಾ ಆಳುಗಳನ್ನು ಕರೆದುಕೊಂಡು ಹೋಗಿ ಮೆಟ್ಟಿಲಿನ ಮುಳ್ಳು ಕಡಿಸಿ ಬಂದ. ಹೋಳಿಗೆಗೆ ಶೇಂಗಾ ಬೇಡ, ಬೇಳೆಯೇ ಇರಲಿ, ತುಪ್ಪ ಸುರಿ ಎಂದು ಅಪ್ಪ ಅಡುಗೆಮನೆಗೇ ಬಂದು ಹೇಳಿದ. ಅವನು ಅಡುಗೆಮನೆಗೆ ಕಾಲಿಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಧಣಿ ದಪ್ಪ ಕೊರಳಿನ, ಕಡಿಮೆ ಮಾತಿನ ಮನುಷ್ಯ, ಕೈಯಲ್ಲಿ ಎರಡು ಫೋನು. ಜೊತೆಗೆ ಅವನ ಹೆಂಡತಿಯೂ ಬಂದಳು. ರೇಷ್ಮೆ ಸೀರೆ, ಕಾಲಿಗೆ ಓಟದ ಬೂಟು, ಕಪ್ಪು ಕನ್ನಡಕ. ಅವಳು ಬರುತ್ತಾಳೆಂದು ಅಪ್ಪ ಎಣಿಸಿರಲಿಲ್ಲ. ಎರಡನೇ ಬಾಗಿಲು ದಾಟುವಾಗ ಅವನ ಮುಖದಲ್ಲಿ ಚಿಂತೆ ಕಂಡಿತು. ಆ ಚಿಂತೆ ಎಷ್ಟು ಬೇಗ ಕರಗಿತು ಅನ್ನುವುದನ್ನೂ ಕಂಡೆ.

ಮೂರನೇ ಬಾಗಿಲಿನ ಮುಂದೆ ಅವ್ವ, ಕಾಕಿ ವಾಡಿಕೆಯಂತೆ ಬುತ್ತಿ ಇಳಿಸಿ ಬಂಡೆಯ ಮೇಲೆ ಕೂತರು. ಧಣಿಯ ಹೆಂಡತಿ ನಿಂತು, ಯಾಕೆ ಇಲ್ಲೇ ಕೂತಿರಿ ಎಂದು ಕೇಳಿದಳು. ಕೆಟ್ಟ ಹೆಂಗಸೇನಲ್ಲ ಅವಳು, ನಿಜವಾಗಿ ತಿಳಿಯದೆ ಕೇಳಿದ್ದು. ಹೆಂಗಸರು ಇದನ್ನು ದಾಟುವಂತಿಲ್ಲ ಎಂದು ಅವ್ವ ಹೇಳಿದಳು. ಅವಳು ನಕ್ಕು ಅಪ್ಪನ ಕಡೆ ತಿರುಗಿದಳು.

"ಹಂಗಾರ ನಾನೂ ಇಲ್ಲೇ ಕುಂದರ್ಲೇನ್ರಿ?"

"ಏ ಬಿಡ್ರಿ ಅಕ್ಕಾರ, ಅದು ನಮ್ಮ ಮನಿ ಹೆಂಗಸರಿಗೆ ಅಷ್ಟ. ನಿಮ್ಮಂಥಾರಿಗೆ ಏನೈತ್ರಿ. ಬರ್ರಿ, ಬರ್ರಿ."

ಹಾಗೆಂದವನು ಅವಳ ತಲೆಯ ಮೇಲೆ ಕೊಡೆ ಹಿಡಿದ. ಬ್ರಹ್ಮಚಾರಿ ಬಸವಣ್ಣನ ಕತೆ, ಕಣ್ಣು ಕಳಕೊಂಡ ಸೊಸೆಯ ಕತೆ, ಎಲ್ಲವೂ ಆ ಕೊಡೆಯ ಕೆಳಗೆ ಮುಗಿದುಹೋಯಿತು. ಓಟದ ಬೂಟು ಹೊಸ್ತಿಲ ಕಲ್ಲಿನ ಮೇಲೆ ಬಿತ್ತು, ದಾಟಿತು. ಕೋಟೆ ಬೀಳಲಿಲ್ಲ, ಹಾವು ಬರಲಿಲ್ಲ. ಹೆಂಗಸಿಗೆ ಕಣ್ಣೂ ಹೋಗಲಿಲ್ಲ, ಕನ್ನಡಕವೂ ಜಾರಲಿಲ್ಲ. ಅವ್ವ ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಬೇಡ ಅಕ್ಕಾ ಎಂದು ಕಾಕಿ ಕೈ ಹಿಡಿದಳು. ಅವ್ವ ಕೈ ಬಿಡಿಸಿಕೊಂಡು ಒಳಗೆ ನಡೆದಳು. ನಾನೂ ಅವಳ ಹಿಂದೆ ಓಡಿದೆ.

ಮೇಲೆ ಏನಿತ್ತು ಅಂತೀರಿ? ಏನೂ ಇರಲಿಲ್ಲ. ಚಾವಣಿಯಿಲ್ಲದ ನಾಲ್ಕು ಗೋಡೆ, ಹಸಿರು ಕಟ್ಟಿದ ನೀರಿನ ಹೊಂಡ, ಬೆಕ್ಕಿನಷ್ಟು ದೊಡ್ಡ ಬಸವಣ್ಣ. ಅವನಿಗೆ ಒಬ್ಬರೂ ನೀರು ಹಾಕಿದ ಗುರುತಿಲ್ಲ. ಅದರಾಚೆ ಒಂದು ಮಂಟಪ. ಅದರ ನೆಲ ಮಾತ್ರ ಚೆನ್ನಾಗಿ ಗುಡಿಸಿ ನುಣ್ಣಗಿತ್ತು. ಕಂಬದ ಸಂದಿಯಲ್ಲಿ ಖಾಲಿ ಬಾಟಲಿ, ಬೀಡಿ ತುಂಡು, ಮಳೆಗೆ ಉಬ್ಬಿದ ಇಸ್ಪೀಟಿನ ಎಲೆಗಳು. ಕಾಕಾ ಮುಳ್ಳು ಕಡಿಸಲು ಬಂದವನು ಅದನ್ನಾದರೂ ಎತ್ತಿ ಬಿಸಾಡಬಾರದಿತ್ತೆ? ಅಷ್ಟು ಮೈಗಳ್ಳತನ. ಗೋಡೆಯ ಮೇಲೆ ಟಿಪ್ಪರಿಗೆ ಬಳಿಯುವ ಬಣ್ಣದಲ್ಲಿ ಅಪ್ಪನ ಹೆಸರು, ಅದರ ಮುಂದೆ ಕಿಲ್ಲೇದಾರ ಎಂದು ಬರೆದಿತ್ತು. ಇದು ಅವರ ಧ್ಯಾನ. ವರ್ಷವರ್ಷವೂ ನಾವು ಬಿಸಿಲಿನಲ್ಲಿ ಕಾದದ್ದು ಇವರು ಕುಡಿದು, ಇಸ್ಪೀಟು ಆಡಿ, ನಮ್ಮ ಬುತ್ತಿ ತಿಂದು, ಗೊರಕೆ ಹೊಡೆದು ಏಳುವುದಕ್ಕೆ.

ಧಣಿ ಕಾಲಿನಿಂದ ಒಂದು ಕಲ್ಲನ್ನು ಉರುಳಿಸಿ ನೋಡುತ್ತಿದ್ದ. ಈ ಗುಡ್ಡದಲ್ಲಿ ಅದಿರು ಇದೆಯೇನು, ಯಾರಾದರೂ ಸರ್ವೆ ಮಾಡಿದ್ದಾರೇನು ಎಂದು ಕೇಳಿದ. ಇರಬೇಕ್ರಿ ಧಣಿ, ನೀವು ಮನಸ್ಸು ಮಾಡಿದರೆ ನೋಡೋಣಂತ್ರಿ ಎಂದು ಅಪ್ಪ ಕೈಕಟ್ಟಿ ಹೇಳಿದ. ಹಿರಿಯರ ಕೋಟೆಯನ್ನು ಬುಡಸಮೇತ ಲಾರಿಗೆ ತುಂಬಿಸಿ ಕಳಿಸುವುದಕ್ಕೆ ನಮ್ಮ ಕಿಲ್ಲೇದಾರನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಆಗಲೇ ಅವನಿಗೆ ಅವ್ವ ಕಂಡದ್ದು. ಧಣಿಯ ಮುಂದೆ ಕೂಗಾಡುವಂತಿಲ್ಲ, ಅದಕ್ಕೆ ಕಣ್ಣು ಬಿಟ್ಟ. ಅವ್ವ ಅವನನ್ನು ನೋಡಲೇ ಇಲ್ಲ. ಗೋಡೆಯಿಂದ ಗೋಡೆಗೆ ಹೋಗಿ, ಬಂಡೆ ಹತ್ತಿ, ಹಣೆಗೆ ಕೈಯಿಟ್ಟು ಸುತ್ತಲೂ ಹುಡುಕಿದಳು. ಆಮೇಲೆ ಕಾಕಾನ ಮುಂದೆ ಬಂದು ನಿಂತಳು.

"ಶೇಖರಪ್ಪಾ, ಕಂಪ್ಲಿ ಎಲ್ಲೈತಿ ತೋರ್ಸು."

ಕಾಕಾ ಅಣ್ಣನ ಮುಖ ನೋಡಿದ, ಕೆಮ್ಮಿದ, ಕಡೆಗೆ ಒಂದು ಕಡೆಗೆ ಕೈ ಎತ್ತಿದ. ಆ ಕಡೆ ನಮ್ಮದಕ್ಕಿಂತ ಎತ್ತರದ ಗುಡ್ಡ ಅಡ್ಡ ಮಲಗಿತ್ತು. ಹೊಳೆಯಿಲ್ಲ, ತೋಟವಿಲ್ಲ. ಯಾವ ಮೂಲೆಯಲ್ಲಿ ನಿಂತರೂ ಆ ಗುಡ್ಡವೇ.

"ಅದರ ಆಚೀ ಕಡಿ ಬರ್ತತಿ ಅತ್ತಿಗೀ."

"ಆಚೀ ಕಡೀದು ನಿನಗ ಹೆಂಗ ಕಾಣ್ತು?"

"ನೀವು ಭಾಳ ಆಸೀಲೆ ಕೇಳ್ತಿದ್ರಿ. ಏನೋ, ಖುಷಿ ಆಗ್ಲಿ ಅಂತ..."

ಖುಷಿಯಾಗಲಿ ಎಂದು! ತವರಿಗೆ ಒಂದು ದಿನ ಕರೆದುಕೊಂಡು ಹೋಗಿ ಬರುವ ಗಂಡಸುತನ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನಿಗೂ ಇರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿ ಖುಷಿಪಡಿಸುವ ದೊಡ್ಡಸ್ತಿಕೆ ಇತ್ತು. ಅವ್ವ ಮಂಟಪದ ನೆಲ ನೋಡಿದಳು, ಇಸ್ಪೀಟಿನ ಎಲೆ ನೋಡಿದಳು, ಗೋಡೆಯ ಮೇಲಿನ ಹೆಸರು ನೋಡಿದಳು. ಅವಳ ತುಟಿಯ ಒಂದು ತುದಿ ಕೆಳಗೆ ಬಾಗಿತು. ಕೂಗಿದ್ದರೆ, ಅತ್ತಿದ್ದರೆ ಅಪ್ಪ ಹೇಗೋ ಸಂಭಾಳಿಸುತ್ತಿದ್ದ. ಆ ತುಟಿಯ ಮುಂದೆ ಅವನು ಏನು ಮಾಡಲೂ ತಿಳಿಯದೆ ಕೊಡೆಯನ್ನು ಮಡಚಿದ, ಮತ್ತೆ ಬಿಚ್ಚಿದ. ಈಗ ನನಗೆ ತಲೆ ನೆರೆಯುತ್ತಿದೆ. ನಿನ್ನ ಎದುರು ಮಾತಾಡಲು ಹೆದರಿಕೆ, ಆ ತುಟಿ ಒಂದು ಕೊಂಕಿಸಬೇಡ ಎಂದು ನನ್ನ ಗಂಡ ಈಗಲೂ ಹೇಳುತ್ತಾನೆ. ನಾನು ಅದನ್ನು ಕಲಿತದ್ದು ಆ ಗುಡ್ಡದ ಮೇಲೆ. ಬಿಡುವ ಇಷ್ಟವೂ ಇಲ್ಲ. ಬಡಾಯಿ ಕೊಚ್ಚುವವರ ನಡುವೆ ಬೆಳೆದ ಹೆಣ್ಣುಮಗಳಿಗೆ ಅದೊಂದು ಬೇಕಾಗುತ್ತದೆ.

"ಇಷ್ಟಕ್ಕ ನಮ್ಮನ್ನ ಕೆಳಗ ಕುಂದರಿಸಿದ್ರೇನು?" ಎಂದು ಅವ್ವ ಅಪ್ಪನನ್ನು ಕೇಳಿದಳು.

ನನ್ನ ಕೈ ಹಿಡಿದುಕೊಂಡು ಇಳಿಯತೊಡಗಿದಳು. ಧಣಿಗೆ ಇನ್ನೂ ಊಟ ಬಡಿಸಿರಲಿಲ್ಲ. ಬಡಿಸುವವರು ಬಡಿಸಿಕೊಳ್ಳಲಿ ಎಂದು ಬುತ್ತಿಯನ್ನು ಕಾಕಿಯ ಹತ್ತಿರವೇ ಬಿಟ್ಟಳು. ಅಪ್ಪ ಹಿಂದೆ ಓಡಿ ಬರಲಿಲ್ಲ. ಧಣಿಯನ್ನು ಬಿಟ್ಟು ಹೆಂಡತಿಯ ಹಿಂದೆ ಓಡಿದರೆ ಕಿಲ್ಲೇದಾರಿಕೆ ಏನಾಗಬೇಕು? ರಸ್ತೆಗೆ ಬಂದು ನಿಂತೆವು. ಅದಿರಿನ ಲಾರಿಗಳ ಸಾಲು ಆಮೆಯ ಹಾಗೆ ತೆವಳುತ್ತಿತ್ತು. ಅವುಗಳ ನಡುವೆ ಒಂದು ಬಸ್ಸು ಬಂತು, ಹತ್ತಿದೆವು. ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮನೆಗೆ ಹೋಗುತ್ತೇವೆ ಎಂದು ನಾನು ಎಣಿಸಿದ್ದೆ. ಅವ್ವ ಕಂಪ್ಲಿಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಒಬ್ಬರನ್ನು ಕೇಳಿದಳು. ಅದು ನಮ್ಮ ಎದುರಿಗೇ ನಿಂತಿತ್ತು. ಕಿಟಕಿಯ ಪಕ್ಕ ಕೂತು ಅವಳು ಬೋರ್ಡು ನೋಡುತ್ತ, ಊರುಗಳ ಹೆಸರನ್ನು ತುಟಿಯಲ್ಲೇ ಓದುತ್ತ ಹೋದಳು. ಕಾಲುವೆ ಬಂತು, ಭತ್ತದ ಗದ್ದೆ ಬಂತು, ಬಾಳೆ ಬಂತು. ನನಗೆ ಒಂದು ನಿದ್ದೆ ಆಗುವಷ್ಟರಲ್ಲಿ ಕಂಪ್ಲಿಯೂ ಬಂತು.

"ಇಷ್ಟು ಸಮೀಪ ಇತ್ತೇನ ಇದು?" ಎಂದು ಇಳಿಯುವಾಗ ಅವಳು ಹೇಳಿದಳು. ನನಗಲ್ಲ, ತನಗೇ ಹೇಳಿಕೊಂಡಳು. ಆ ತುಟಿ ಮತ್ತೆ ಹಾಗೇ ಬಾಗಿತ್ತು. ಈ ಸಲ ಅದು ಯಾರ ಮೇಲಿನ ತಿರಸ್ಕಾರ ಅನ್ನುವುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಬಾಗಿಲು ತೆರೆದವನು ಮಾವ. ತಂಗಿಯನ್ನು ನೋಡಿ ಅವನ ಮುಖ ಬಿಳುಚಿತು. ಹೇಳಿ ಕಳಿಸಬೇಕು ಅಂತಲೇ ಇದ್ದೆ, ಆದರೆ ನಿನ್ನ ಗಂಡನ ಮನೆಗೆ ನಾನಾಗಿ ಹೇಗೆ ಕಳಿಸಲಿ ಎಂದು ಏನೇನೋ ತೊದಲಿದ. ಏನು ಹೇಳಿ ಕಳಿಸುವುದು ಎಂದು ಅವ್ವ ಕೇಳಿದಳು. ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಅವನೂ ಅಪ್ಪನ ಜಾತಿಯೇ, ಊರು ಮಾತ್ರ ಬೇರೆ.

ಒಳಗೆ ಕಿಟಕಿಯ ಪಕ್ಕ ಮಂಚದ ಮೇಲೆ ಅಜ್ಜಿ ಕೂತಿದ್ದಳು. ಬೆಳ್ಳಗೆ, ಸಣ್ಣಗೆ, ಹಣೆಯ ತುಂಬ ವಿಭೂತಿ. ಮಾಳಿಗೆ ಹತ್ತುವುದಿರಲಿ, ಕಾಲು ನೆಲಕ್ಕಿಟ್ಟೇ ಎಷ್ಟೋ ವರ್ಷವಾಗಿತ್ತಂತೆ. ಅವ್ವ ಓಡಿಹೋಗಿ ಆ ಕಾಲನ್ನು ಹಿಡಿದುಕೊಂಡಳು, ಅವ್ವಾ ಎಂದಳು. ಅಜ್ಜಿ ಗಾಬರಿಯಿಂದ ಕಾಲು ಹಿಂದಕ್ಕೆಳೆದು, ಸೆರಗು ಸರಿಮಾಡಿಕೊಂಡು, ಮನೆಗೆ ಬಂದ ಪರವೂರಿನವರನ್ನು ಮಾತಾಡಿಸುವ ಹಾಗೆ ಮಾತಾಡಿಸಿದಳು.

"ಬರ್ರಿ, ಮ್ಯಾಲೆ ಕುಂದರ್ರಿ. ಯಾವೂರಾತ್ರಿ ನಿಮ್ಮದು?"

ಅವ್ವ ಮಾವನ ಮುಖ ನೋಡಿದಳು. ಮಾವ ಗೋಡೆ ನೋಡುತ್ತಿದ್ದ. ನನ್ನ ಕೈಯನ್ನು ಅವ್ವ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನೋಯಿತು. ಆಮೇಲೆ ಎದ್ದು ಮಂಚದ ತುದಿಯಲ್ಲಿ ಕೂತಳು.

"ಹೊಸಪ್ಯಾಟಿಯಿಂದ ಬಂದೀನ್ರಿ."

ಅಜ್ಜಿಯ ಕಣ್ಣು ಅರಳಿತು. ಅವ್ವನ ಹತ್ತಿರಕ್ಕೆ ಸರಿದು, ಮಗ ಕೇಳಿಸಿಕೊಳ್ಳಬಾರದೆಂಬಂತೆ ದನಿ ತಗ್ಗಿಸಿದಳು.

"ನನ್ನ ಮಗಳನ್ನೂ ಹೊಸಪ್ಯಾಟಿಗೇ ಕೊಟ್ಟೇವ್ರಿ. ಭಾಳ ದಿನ ಆತು, ಬಂದೇ ಇಲ್ಲ. ನಿಮಗೇನರ ಸಿಕ್ರ ಒಂದು ಮಾತು ಹೇಳ್ರಿ. ಬಸ್ಸು ಬರ್ತಾವ, ಒಂದು ತಾಸಿನ ದಾರಿ, ಬಂದು ಹೋಗು ಅನ್ರಿ."

"ಹೇಳ್ತೀನ್ರಿ," ಎಂದಳು ಅವ್ವ.